ಕಾಕಾರ ಬರಿಗೈ ವಿದ್ಯೆ

ನಮ್ಮ ಕಾಕಾರು ತಮ್ಮ ಜೀವಮಾನದಲ್ಲಿ ಒಬ್ಬರಿಗೂ ಒಂದು ಏಟು ಹಾಕಿದವರಲ್ಲ. ಆದರೂ ಇಡೀ ಸಾಂಗ್ಲಿಯಲ್ಲಿ ಅವರಷ್ಟು ದೊಡ್ಡ ಹೊಡೆದಾಟದ ಪಂಡಿತರು ಇನ್ನೊಬ್ಬರಿರಲಿಲ್ಲ! ಇದು ಹೇಗೆ ಸಾಧ್ಯ ಎಂದು ಕೇಳುತ್ತೀರಾ? ಅಡುಗೆ ಬಾರದ ಗಂಡಸರು ಸಾರಿನ ರುಚಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುವುದಿಲ್ಲವೇ, ಹಾಗೆ ಎಂದು ನಮ್ಮತ್ತೆಯವರು ಹೇಳುತ್ತಿದ್ದರು. ಅತ್ತೆಯವರ ಮಾತು ಬಿಡಿ. ಅವರಿಗೆ ಮೈದುನನ ಮೇಲೆ ಬೇರೆಯೇ ಸಿಟ್ಟಿತ್ತು.

ಕಾಕಾ ಎಂದರೆ ನನ್ನ ಮಾವನವರ ತಮ್ಮ. ಮದುವೆಯಾಗಿರಲಿಲ್ಲ. ನಾನು ಬಿಜಾಪುರದ ಕಡೆಯಿಂದ ಸೊಸೆಯಾಗಿ ಬಂದಾಗ ಇನ್ನೂ ಸಂಸ್ಥಾನದ ಕಾಲ. ಮಾವನವರು ಪೇಟೆಯಲ್ಲಿ ಅರಿಸಿನದ ವ್ಯಾಪಾರಿ. ಕಾಕಾ ಪ್ರಾಯದಲ್ಲಿ ಅದೇ ಅರಿಸಿನ ಮಾರಲು ರಂಗೂನಿಗೆ ಹೋದವರು, ವ್ಯಾಪಾರ ಬಿಟ್ಟು, ಅಲ್ಲಿ ಫೋಟೋ ತೆಗೆಯುತ್ತಿದ್ದ ಜಪಾನಿಯೊಬ್ಬನಿಂದ ಬರಿಗೈಯಲ್ಲಿ ಹೊಡೆದಾಡುವ ವಿದ್ಯೆ ಕಲಿತು ಬಂದಿದ್ದರು. ಅದರ ಹೆಸರು ಕರಾಟೆ. ಓಣಿಯ ಮಂದಿಯ ಕಿವಿಗೆ ಮಾತ್ರ ಅದು ‘ಕರಂಟಾ’ ಎಂದು ಬಿದ್ದಿತ್ತು. ಮರಾಠಿಯಲ್ಲಿ ಕರಂಟಾ ಎಂದರೆ ದರಿದ್ರ, ನಸೀಬಗೇಡಿ. ಹೊಸ ಸೊಸೆಗೆ ಇದೆಲ್ಲ ಎಲ್ಲಿ ಗೊತ್ತು? ನೆರೆಮನೆಯಾಕೆ ನಿಮ್ಮ ಕಾಕಾ ಏನು ಮಾಡುತ್ತಾರೆ ಎಂದು ಕೇಳಿದಾಗ ನಾನು ನನ್ನ ಮುರುಕು ಮರಾಠಿಯಲ್ಲಿ, ಹೆಮ್ಮೆಯಿಂದಲೇ, ‘ಆಮ್ಚೆ ಕಾಕಾ ಕರಂಟೆ ಆಹೇತ್’ ಅಂದುಬಿಟ್ಟೆ. ಆಕೆ ನನ್ನನ್ನು ಒಳಗೆ ಕರೆದು ಕೂಡಿಸಿ, ಚಹಾ ಕೊಟ್ಟು, ಬೆನ್ನು ಸವರಿ ಕಳಿಸಿದಳು.

ಕಾಕಾ ಹಿತ್ತಲಲ್ಲೊಂದು ಕಂಬ ನೆಟ್ಟು, ಅದಕ್ಕೆ ಹಗ್ಗ ಸುತ್ತಿ, ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿದ ಕೂಡಲೇ ಗುದ್ದಲು ನಿಲ್ಲುತ್ತಿದ್ದರು. ಗುದ್ದುವ ಮೊದಲು ಕಂಬಕ್ಕೆ ನಮಸ್ಕಾರ, ಗುದ್ದಿದ ಮೇಲೆ ಮತ್ತೆ ನಮಸ್ಕಾರ. ಅತ್ತೆಯವರು ಬಟ್ಟೆ ಒಣಹಾಕುವ ದಾರವನ್ನು ಕಟ್ಟಿದ್ದೂ ಅದೇ ಕಂಬಕ್ಕೆ. ಕಾಕಾ ಗುದ್ದಿದ ಹಾಗೆಲ್ಲ ಒಂದೊಂದೇ ಸೀರೆ ಮಣ್ಣಿಗೆ ಬೀಳುತ್ತಿತ್ತು. ಕಂಬಕ್ಕೆ ಕೈ ಮುಗಿಯುವವರು ಬಿದ್ದ ಸೀರೆಯನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅತ್ತೆಯವರ ಸಿಟ್ಟಿನ ಮೂಲ ಇದು.

ಹಿತ್ತಲಿಗೆ ಪಾತ್ರೆ ತಿಕ್ಕಲು ಹೋದ ನನಗೆ ಪಾಠ ತಪ್ಪುತ್ತಿರಲಿಲ್ಲ. ‘ಶಕ್ತಿ ಮುಷ್ಟಿಯೊಳಗ ಇರಂಗಿಲ್ಲ ಮಗಳ,’ ಎನ್ನುತ್ತಿದ್ದರು. ‘ಹಿಮ್ಮಡದಾಗ ಇರತೈತಿ. ಅಲ್ಲಿಂದ ಎದ್ದು, ಟೊಂಕದಾಗ ಹೊಳ್ಳಿ, ಹೆಗಲಿಗೆ ಬರತೈತಿ. ಮುಷ್ಟಿ ಅಂದ್ರ ಬರೇ ಪೋಸ್ಟಮನ್.’ ಅವರ ಪ್ರಕಾರ ಹೊಡೆಯುವುದೇನು ಮಹಾ, ಎಮ್ಮೆಯೂ ಒದೆಯುತ್ತದೆ. ಎದುರಿನವನ ಚರ್ಮಕ್ಕೆ ಒಂದು ಜೋಳದ ಕಾಳಿನಷ್ಟು ದೂರದಲ್ಲಿ ಏಟನ್ನು ನಿಲ್ಲಿಸುವುದಿದೆಯಲ್ಲ, ಅದನ್ನು ಕಲಿಯಲು ಅರ್ಧ ಆಯುಷ್ಯ ಬೇಕು.

ಕುಸ್ತಿಯ ಸಾಂಗ್ಲಿಯಲ್ಲಿ ಇಂಥ ಮಾತು ಎಷ್ಟು ದಿನ ನಡೆದೀತು? ಪಕ್ಕದ ಹಳ್ಳಿ ಕಸಬೆ ಡಿಗ್ರಜದ ಪೈಲವಾನನೊಬ್ಬ ಒಮ್ಮೆ ಕಾಕಾರನ್ನು ತಾಲೀಮಿಗೆ, ಅಂದರೆ ಗರಡಿಮನೆಗೆ, ಕರೆದು, ನಿಮ್ಮ ವಿದ್ಯೆ ತೋರಿಸಿ ಎಂದ. ನನ್ನ ಗಂಡ ಕಣ್ಣಾರೆ ನೋಡಿ ಬಂದು ಹೇಳಿದ ಕಥೆ ಇದು. ಕಾಕಾ ನಮಸ್ಕರಿಸಿದರು, ಉಸಿರೆಳೆದರು, ಮಿಂಚಿನ ಹಾಗೆ ಮುಷ್ಟಿ ಬೀಸಿ ಪೈಲವಾನನ ಮೂಗಿಗೆ ಒಂದು ಕಾಳಿನ ದೂರದಲ್ಲಿ ನಿಲ್ಲಿಸಿದರು. ಪೈಲವಾನ ಮುಂದೇನು ಎಂದು ಕಾದ. ಮುಂದೇನೂ ಇರಲಿಲ್ಲ. ಆಗ ಅವನು ಕಾಕಾರನ್ನು ಅರಿಸಿನದ ಚೀಲದಂತೆ ಎತ್ತಿ, ಕೆಂಪು ಮಣ್ಣಿನ ಮೇಲೆ ಮಲಗಿಸಿ, ಮೇಲೆ ಕುಳಿತ. ಕೆಳಗಿನಿಂದ ಕಾಕಾ, ‘ನಾ ಕೈ ತಡದೇನಿ, ಅದಕ್ಕ ನೀ ಇನ್ನೂ ಉಸರಾಡಾಕತ್ತಿ,’ ಅಂದರಂತೆ. ಪೈಲವಾನ ಒಳ್ಳೆಯ ಮನುಷ್ಯ. ‘ಭಾಳ ಉಪಕಾರ ಆತ್ರಿ ಕಾಕಾ,’ ಎಂದು ಎದ್ದು, ಅವರ ಬೆನ್ನಿನ ಮಣ್ಣು ಕೊಡವಿದ.

ಜಪಾನಿನ ಜೊತೆ ಯುದ್ಧ ಶುರುವಾದಾಗ ಸಂಸ್ಥಾನದ ಫೌಜದಾರರೇ ಮನೆಗೆ ಬಂದರು. ಮನೆಯಲ್ಲಿ ಜಪಾನಿ ವಸ್ತು ಏನಾದರೂ ಇದೆಯೇ ಎಂಬ ವಿಚಾರಣೆ. ಅತ್ತೆಯವರು ತಡಮಾಡದೆ ಕಂಬ ತೋರಿಸಿ, ಕಿತ್ತು ಒಯ್ಯಿರಿ ಎಂದರು. ಕಾಕಾ ತಮ್ಮ ವಿದ್ಯೆಯಲ್ಲಿ ನಿಲ್ಲುವ ಭಂಗಿಯನ್ನು ವಿವರಿಸಿದರು. ಡೊಳ್ಳು ಹೊಟ್ಟೆಯ ಫೌಜದಾರರು ಕುತೂಹಲದಿಂದ ತಾವೂ ಮೊಣಕಾಲು ಬಗ್ಗಿಸಿ ಹಾಗೆಯೇ ನಿಂತರು. ನಿಂತವರಿಗೆ ಮೇಲೇಳಲು ಆಗಲಿಲ್ಲ. ಇಬ್ಬರು ಪೋಲೀಸರು ರಟ್ಟೆ ಹಿಡಿದು ಎಬ್ಬಿಸಬೇಕಾಯಿತು. ಈ ವಿದ್ಯೆಯಿಂದ ಸಂಸ್ಥಾನಕ್ಕೆ ಅಪಾಯವಿಲ್ಲವೆಂದು ಹೇಳಿ ಕುಂಟುತ್ತ ಹೋದರು.

ಇಷ್ಟೂ ದಿನ ನಗದೆ ಇದ್ದವರು ಮಾವನವರೊಬ್ಬರೇ. ಪೇಟೆಯಲ್ಲಿ ತಮ್ಮನ ಮಾತು ಬಂದರೆ ತಲೆ ತಗ್ಗಿಸುತ್ತಿದ್ದರು. ಆ ಚಳಿಗಾಲದಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಮಿರಜಿನ ದವಾಖಾನೆಗೆ ಒಯ್ದೆವು. ಡಾಕ್ಟರು ಜೀವ ಉಳಿಸಿಕೊಟ್ಟರು. ಬಲಗಾಲು, ಬಲಗೈ, ಮಾತು ಮರಳುತ್ತವೋ ಇಲ್ಲವೋ ಹೇಳಲಾರೆ ಎಂದರು. ಪೇಟೆಯಲ್ಲಿ ಬಟ್ಟೆಯ ಮರೆಯಲ್ಲಿ ಎದುರಿನವನ ಬೆರಳು ಹಿಡಿದು ದರ ಗೊತ್ತುಮಾಡುತ್ತಿದ್ದ ಕೈ ಅದು. ಮನೆಗೆ ಬಂದ ಮಾವನವರು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಯಾರು ತುತ್ತು ಕೊಟ್ಟರೂ ಬಾಯಿ ತೆರೆಯಲೊಲ್ಲರು.

ಕಾಕಾ ಒಂದು ಸ್ಟೂಲು ತಂದು ಮಂಚದ ಪಕ್ಕ ಕುಳಿತರು. ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮುಷ್ಟಿ ಕಟ್ಟುವುದನ್ನು ಕಲಿಸಲು ಶುರು ಮಾಡಿದರು. ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು. ತಾವೇ ಮಡಚುವುದು, ತಾವೇ ಬಿಡಿಸುವುದು. ತಮ್ಮನ ವಿದ್ಯೆಯ ಬಗ್ಗೆ ಒಂದು ಮಾತನ್ನೂ ಕೇಳಿಸಿಕೊಳ್ಳದ ಮಾವನವರಿಗೆ ಈಗ ಎದ್ದು ಹೋಗಲು ಕಾಲಿಲ್ಲ, ಬೈಯಲು ಬಾಯಿಲ್ಲ. ಸಂಜೆಯವರೆಗೂ ಕೇಳಬೇಕು. ಮುಷ್ಟಿಯ ಪಾಠ ಇಲ್ಲದಾಗ ಕಾಕಾ ಅದೇ ಕೈಗೆ ಎಣ್ಣೆ ತಿಕ್ಕುತ್ತಿದ್ದರು. ಕೊನೆಗೆ ಮಾವನವರು ತಮ್ಮನ ಕೈತುತ್ತಿಗೆ ಬಾಯಿ ತೆರೆದರು. ಸಂಕ್ರಾಂತಿಯ ಹೊತ್ತಿಗೆ ಕಿರುಬೆರಳು ಅಲುಗಿತು. ಯುಗಾದಿಗೆ ಮುಷ್ಟಿ ಅರ್ಧ ಮುಚ್ಚಿತು.

ಒಂದು ಬೆಳಿಗ್ಗೆ ನಾನು ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದೆ. ಕಾಕಾ ಅಣ್ಣನನ್ನು ಎಬ್ಬಿಸಿ ಮಂಚದ ಅಂಚಿಗೆ ಕೂಡಿಸಿ, ಎರಡೂ ಪಾದಗಳನ್ನು ನೆಲಕ್ಕೆ ಊರಿಸಿ, ಎದುರಿಗೆ ತಮ್ಮ ಎದೆಯೊಡ್ಡಿ ಕುಳಿತರು. ಹೊಡೆಯಿರಿ ಎಂದರು. ಮಾವನವರು ಮುಖ ತಿರುಗಿಸಿದರು.

‘ಅವ್ವ ಸತ್ತಾಗ ನಾ ರಂಗೂನದಾಗ ಇದ್ದೆ, ಬರಲಿಲ್ಲ,’ ಅಂದರು ಕಾಕಾ. ‘ನೀವೊಬ್ಬರ ಎಲ್ಲಾ ಮಾಡಿದ್ರಿ. ಹೊಳ್ಳಿ ಬಂದಾಗ ಒಂದು ಮಾತೂ ಅನ್ನಲಿಲ್ಲ. ಅವತ್ತ ಹೊಡೀಬೇಕಾಗಿತ್ತಲ್ಲ ಅಣ್ಣಾ, ಅದನ್ನ ಈಗ ಹೊಡೀರಿ.’

ಮಾವನವರು ಮುಖವನ್ನು ಮತ್ತೆ ತಮ್ಮನ ಕಡೆ ಹೊರಳಿಸಿದರು. ಆ ಕೈ ತೊಡೆಯಿಂದ ಮೇಲೆದ್ದಿತು. ತೂಗಾಡುತ್ತ ಬಂದು ಕಾಕಾರ ಎದೆಗೆ ತಾಗಿತು. ಆ ಏಟಿಗೆ ಒಂದು ನೊಣವೂ ಎದ್ದು ಹೋಗುತ್ತಿರಲಿಲ್ಲ. ಕಾಕಾ ಮಾತ್ರ ಸ್ಟೂಲಿನ ಸಮೇತ ಹಿಂದಕ್ಕೆ ಅಂಗಾತ ಬಿದ್ದರು. ಪಕ್ಕದಲ್ಲಿದ್ದ ನೀರಿನ ತಂಬಿಗೆ ಅವರೊಂದಿಗೇ ಉರುಳಿತು. ಅತ್ತೆಯವರು ಹಿಟ್ಟಿನ ಕೈಯಲ್ಲೇ ಓಡಿ ಬಂದು ನನ್ನ ಪಕ್ಕ ನಿಂತರು.

ಮಾವನವರು ಮುಂದಕ್ಕೆ ಬಾಗಿದ್ದರು. ಓರೆಯಾದ ಬಾಯಿ ಏನನ್ನೋ ಹುಡುಕುವಂತೆ ಅಲುಗಾಡಿತು.

‘ತಮ್ಮಾ,’ ಅಂದರು. ತಿಂಗಳುಗಳ ಮೇಲೆ ಬಂದ ಮೊದಲ ಮಾತು. ‘ನೋವಾತೇನೋ?’

ಕಾಕಾ ಮೇಲೇಳಲಿಲ್ಲ. ಚೆಲ್ಲಿದ ನೀರಿನಲ್ಲಿಯೇ ಮಲಗಿ, ಮುಖಕ್ಕೆ ತೋಳು ಅಡ್ಡ ಇಟ್ಟುಕೊಂಡರು.

‘ಹೂಂ ಅಣ್ಣಾ,’ ಅಂದರು. ‘ಭಾಳ ನೋವಾತು.’