ನೆಂಟರಿಲ್ಲದ ವಿಮಾನ ನಿಲ್ದಾಣ ತೋರಿಸಿಕೊಟ್ಟ ಹಸಿರು ಗುಂಡಿಗೆ

'ರೆಕ್ಕೆದಾರಿ' ಆ್ಯಪಿನಲ್ಲಿ ನೆಲೆಸಿರುವ 'ಅತ್ಯುತ್ತಮ ಆಯ್ಕೆ' ಎಂಬ ಹಸಿರು ಗುಂಡಿಯವರ ಸನ್ನಿಧಾನಕ್ಕೆ, ಮಂಗಳೂರು ಕಾವೂರಿನ ಹಾಶಿಂ ಮಾಡುವ ಸಲಾಂಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬುತ್ತೇನೆ. ಬೆರಳು ತಾಗಿದೊಡನೆ ಭೂಮಂಡಲವನ್ನೇ ಅಳೆದು ದಾರಿ ತೋರಿಸುವ ತಮಗೆ ಕಾಯಿಲೆ ಕಸಾಲೆಗಳು ಬರುವುದಿಲ್ಲವೆಂದು ಬಲ್ಲೆನಾದರೂ, ದೊಡ್ಡವರಿಗೆ ಬರೆಯುವಾಗ ಮೊದಲು ಕ್ಷೇಮ ವಿಚಾರಿಸಬೇಕೆಂದು ಶಾಲೆಯಲ್ಲಿ ಕಲಿಸಿದ್ದರಿಂದ ವಿಚಾರಿಸಿದ್ದೇನೆ. ನಾನು ಬಂದರಿನಲ್ಲಿ ಹಗ್ಗ ಮತ್ತು ಬಲೆಯ ವ್ಯಾಪಾರ ಮಾಡುವವನು. ದಾರಿ ಕೇಳುವುದಿದ್ದರೆ ಈವರೆಗೆ ಮನುಷ್ಯರನ್ನೇ ಕೇಳುತ್ತಿದ್ದೆ. ಗುಂಡಿಯೊಂದನ್ನು ಕೇಳಿದ್ದು ಇದೇ ಮೊದಲು.

ವಿಷಯವೇನೆಂದರೆ, ನನ್ನ ಮಗಳು ಮರ್ವಾ ಕೆನಡಾದ ಹ್ಯಾಲಿಫ್ಯಾಕ್ಸಿನಲ್ಲಿದ್ದಾಳೆ. ಅಳಿಯ ಅಝರ್‌ಗೆ ಅಲ್ಲಿಯ ಬಂದರಿನಲ್ಲಿ ಕೆಲಸ. ಕಳೆದ ವರ್ಷ ಮಗು ಹೊಟ್ಟೆಯಲ್ಲೇ ತೀರಿಕೊಂಡಾಗ ವೀಸಾ ಸಿಗದೆ ನನ್ನ ಹೆಂಡತಿ ಮುಮ್ತಾಝಳಿಗೆ ಹೋಗಲಾಗಲಿಲ್ಲ, ಅವಳು ಮಗಳ ಅಳುವನ್ನು ಇಲ್ಲಿ ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ಕೇಳಿದಳು. ಈ ಸಲ ಮರ್ವಾ ಮತ್ತೆ ಬಸುರಿಯೆಂದು ಗೊತ್ತಾದ ದಿನವೇ ಮುಮ್ತಾಝ್ ನನಗೆ ಹೇಳಿದ್ದು ಒಂದೇ ಮಾತು: "ನೋವು ಶುರುವಾಗುವಾಗ ನಾನು ಹುಡುಗಿಯ ತಲೆಯ ಹತ್ತಿರ ಇರ್ಬೇಕು. ಬೇರೆ ಎಂತದೂ ನನಗೆ ಬೇಡ." ಅವಳೊಬ್ಬಳಿಗೆ ವೀಸಾ ಬಂತು. ಇನ್ನುಳಿದದ್ದು ಮಧ್ಯದಲ್ಲಿ ಎಲ್ಲಿ ಇಳಿದು ವಿಮಾನ ಬದಲಿಸುವುದು ಎಂಬ ಒಂದು ಸಣ್ಣ ತೀರ್ಮಾನ.

ತಮ್ಮಂಥವರಿಗೆ ಅದು ಸಮಯ ಮತ್ತು ದರದ ಲೆಕ್ಕವಿರಬಹುದು, ಆದರೆ ನಮ್ಮ ಕುಟುಂಬಕ್ಕೆ ಅದು ಗಂಡು ಹೆಣ್ಣಿನ ಸಂಬಂಧ ಕುದುರಿಸಿದಷ್ಟು ನಾಜೂಕಿನ ಕೆಲಸ. ದೋಹಾದಲ್ಲಿ ಮುಮ್ತಾಝಳ ತಮ್ಮ ಝುಬೈರ್ ಇದ್ದಾನೆ, ದುಬೈ ಪಕ್ಕದ ಶಾರ್ಜಾದಲ್ಲಿ ನನ್ನ ಅಕ್ಕ ರಮ್ಲಾ ಇದ್ದಾಳೆ. ದೋಹಾದಲ್ಲಿ ಇಳಿದರೆ ಅಕ್ಕ, "ನಿನಗೆ ಹೆಂಡತಿಯ ಕಡೆಯವರು ಮಾತ್ರ ಕಾಣುವುದಲ್ವಾ?" ಎನ್ನುತ್ತಾಳೆ, ದುಬೈಯಲ್ಲಿ ಇಳಿದರೆ ಝುಬೈರ್, "ಅಕ್ಕ ನನ್ನ ತಲೆಯ ಮೇಲಿಂದ ಹಾರಿ ಹೋದಳು ಭಾವ, ಆಗಲಿ" ಎಂದು ಬಹಳ ಮೆತ್ತಗೆ ಹೇಳುತ್ತಾನೆ, ಮತ್ತು ಆ ಮೆತ್ತಗಿನ ಮಾತಿನ ಬಿಸಿ ಆರಲು ಎರಡು ಮದುವೆ, ಒಂದು ಸುನ್ನತ್ ಮುಂಜಿ ಕಳೆಯಬೇಕಾಗುತ್ತದೆ. ಸುಮ್ಮನೆ ಮುಖ ತೋರಿಸಿ ಹೋಗುತ್ತೇವೆ ಎಂದರೆ ನಮ್ಮಲ್ಲಿ ಕಡಿಮೆಯೆಂದರೆ ಎರಡು ರಾತ್ರಿ ಉಳಿಯುವುದು ಎಂದರ್ಥ.

ಹೇಳದೆ ದಾಟಿದರಾಯಿತಲ್ಲ ಎಂದು ತಾವು ಕೇಳಬಹುದು. ಕೊಲ್ಲಿಯ ವಿಮಾನ ನಿಲ್ದಾಣಗಳಲ್ಲಿ ಗುಟ್ಟಾಗಿ ನಡೆಯಲು ಮಂಗಳೂರಿನವರಿಗೆ ಸಾಧ್ಯವಿಲ್ಲ. ಮರ್ವಾಳ ಮದುವೆಗೆ ಮುಂಚೆ ನಾನು ಮಕ್ಕಾಕ್ಕೆ ಉಮ್ರಾ ಯಾತ್ರೆ ಹೋಗುವಾಗ ದೋಹಾದಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದೆ, ಅತ್ತರಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ನಮ್ಮ ಮಂಗಳೂರು ಉರ್ವದ ಮುಖೇಶ್, "ಹಾಶಿಂ ಭಾಯ್ ಅಲ್ವಾ ಮಾರಾಯ್ರೆ! ಝುಬೈರ್ ಹೊರಗೆ ಇದ್ದಾರಾ?" ಎಂದು ಅಂಗಡಿಯ ಒಳಗಿಂದಲೇ ಕೂಗಿದ. ನನ್ನ ವಿಮಾನ ನೆಲ ಬಿಡುವ ಮೊದಲೇ ಸುದ್ದಿ ಝುಬೈರನಿಗೆ ಮುಟ್ಟಿತ್ತು. ಮರ್ವಾಳ ಮದುವೆಗೆ ಅವನು ಬಂದ, ಎಲ್ಲರೊಂದಿಗೂ ನಗುತ್ತ ಮಾತಾಡಿದ, ಒಂದು ಲೋಟ ನೀರು ಕುಡಿದ, ಬಿರಿಯಾನಿ ಮುಟ್ಟದೆ ಹೋದ.

ಇಂಥ ಅತ್ತ ದರಿ ಇತ್ತ ಪುಲಿ ಸ್ಥಿತಿಯಲ್ಲಿ ತಾವು ನನ್ನ ಮುಂದೆ ಹಸಿರಾಗಿ ಬೆಳಗಿದಿರಿ. ಮಂಗಳೂರಿನಿಂದ ಮುಂಬೈ, ಮುಂಬೈಯಿಂದ ಯುರೋಪಿನ ಒಂದು ಊರು, ಅಲ್ಲಿಂದ ಅಟ್ಲಾಂಟಿಕ್ ದಾಟಿ ನೇರ ಹ್ಯಾಲಿಫ್ಯಾಕ್ಸ್. ಕೊಲ್ಲಿಯ ಗಾಳಿಯೂ ಸೋಕುವಂತಿರಲಿಲ್ಲ. ಆ ಊರಿನ ಹೆಸರನ್ನು ನಾನು ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಹಾಕಿ, ಅಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದೆ. ಹುಟ್ಟಿದ ಲಾಗಾಯ್ತು ಒಂದು ವಿಷಯದಲ್ಲೂ ಒಮ್ಮತಕ್ಕೆ ಬಾರದ ನನ್ನ ಕುಟುಂಬ, ಯಾರೂ ಇಲ್ಲ ಎಂದು ಒಕ್ಕೊರಲಿನಿಂದ ಉತ್ತರಿಸಿತು. ನನಗಾದ ಸಂತೋಷವನ್ನು ಹೇಗೆ ವರ್ಣಿಸಲಿ! ಮುಮ್ತಾಝ್ ಮಾತ್ರ, "ಯಾರೂ ಇಲ್ಲದ ಊರಲ್ಲಿ ನನಗೆ ದಾರಿ ತಪ್ಪಿದರೆ ಎಂತ ಮಾಡುವುದು?" ಎಂದು ಕೇಳಿದಳು. ಯಾರೂ ಇಲ್ಲದ್ದೇ ಆ ಊರಿನ ವಿಶೇಷ ಎಂದು ನಾನು ಅವಳಿಗೆ ತಿಳಿಸಿ ಹೇಳಿದೆ, ಮತ್ತು ತಮ್ಮನ್ನು ಒತ್ತಿದೆ.

ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗಲು ಅಲ್ಲಿ ಸಿಗುವ ಒಂದೂಕಾಲು ಗಂಟೆಯ ಪಕ್ಕದಲ್ಲಿ ತಾವು 'ಸಾಕಷ್ಟು ಸಮಯ' ಎಂದು ಬರೆದಿದ್ದಿರಿ. ಸಾಕಷ್ಟು ಎಂಬುದು ಯಾರಿಗೆ ಎಂದು ಕೇಳುವ ಬುದ್ಧಿ ನನಗಾಗ ಬರಲಿಲ್ಲ. ಬ್ಯಾರಿ, ತುಳು ಮತ್ತು ಟಿ.ವಿ.ಯಿಂದ ಕಲಿತ ಹಿಂದಿ ಇಷ್ಟನ್ನೇ ಬಲ್ಲ, ಮೊಣಕಾಲು ನೋವಿನ, ಗುರುತಿಲ್ಲದವರನ್ನೂ ನಿಂತು ಕ್ಷೇಮ ವಿಚಾರಿಸುವ ಹೆಂಗಸಿಗೆ ಅದು ಸಾಕಾಗುವುದಿಲ್ಲವೆಂದು ತಮಗೆ ತಿಳಿದಿರಲಿಕ್ಕಿಲ್ಲ. ಪರೀಕ್ಷಿಸುವ ಪ್ರಸಂಗವೂ ಬರಲಿಲ್ಲವೆನ್ನಿ, ಏಕೆಂದರೆ ಮುಂಬೈಯ ವಿಮಾನವೇ ತಡವಾಗಿ ಹೊರಟಿತು, ಮತ್ತು ಅವಳು ಅಲ್ಲಿ ಇಳಿಯುವ ಹೊತ್ತಿಗೆ ಹ್ಯಾಲಿಫ್ಯಾಕ್ಸಿನ ವಿಮಾನ ಸಮುದ್ರದ ಮೇಲಿತ್ತು. ಮುಂದಿನದು ಮರುದಿನ. ಊಟದ ಒಂದು ಚೀಟಿ ಕೊಟ್ಟು ಅವಳನ್ನು ಕೂರಿಸಿದರು.

ಡಾಕ್ಟರು ಹೇಳಿದ ತಾರೀಕಿಗೆ ಇನ್ನೂ ಎರಡು ವಾರವಿತ್ತು. ಮರ್ವಾಳ ಹೊಟ್ಟೆಯಲ್ಲಿದ್ದ ಮಗುವಿಗೆ ಆ ತಾರೀಕನ್ನು ಯಾರೂ ತಿಳಿಸಿರಲಿಲ್ಲವೆಂದು ಕಾಣುತ್ತದೆ.

ಅಝರ್ ಹೆರಿಗೆ ಕೋಣೆಯಿಂದ ಫೋನ್ ಮಾಡಿ, ನಿಲ್ದಾಣದ ಚಹಾ ಅಂಗಡಿಯ ಎದುರಿನ ಬೆಂಚಿನಲ್ಲಿ ಕೂತಿದ್ದ ಮುಮ್ತಾಝಳನ್ನೂ ಕಾವೂರಿನಲ್ಲಿದ್ದ ನನ್ನನ್ನೂ ಒಂದೇ ಕರೆಗೆ ಸೇರಿಸಿದ. "ಉಮ್ಮ ಎಲ್ಲಿ, ಉಮ್ಮ ಮುಟ್ಟಿದರಾ?" ಎಂದು ಮರ್ವಾ ಕೇಳುವುದು ಮೂರು ದೇಶಗಳಲ್ಲಿ ಏಕಕಾಲಕ್ಕೆ ಕೇಳಿಸಿತು. "ಉಸಿರು ಹಿಡಿಯಬೇಡ ಮಗಳೇ, ಬಿಡು, ಬಿಡು, ನಾನು ಇಲ್ಲೇ ಇದ್ದೇನೆ" ಎಂದು ಮುಮ್ತಾಝ್ ಗಂಟಲು ಹರಿಯುವಷ್ಟು ಜೋರಾಗಿ ಹೇಳಿದಳು. ಅವಳ ಆ 'ಇಲ್ಲೇ' ಎಂಬುದಕ್ಕೂ ಮಗಳ ತಲೆದಿಂಬಿಗೂ ನಡುವೆ ತಮ್ಮ ಕೃಪೆಯಿಂದ ಒಂದು ಮಹಾಸಾಗರವಿತ್ತು. ಗಂಟೆಗಟ್ಟಲೆ ಅವಳು ಹಾಗೆಯೇ ಹೇಳುತ್ತ ಕೂತಳು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಅತ್ತೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಚಹಾ ಅಂಗಡಿಯ ಹೆಂಗಸು ಚಾರ್ಜರಿನ ತಂತಿ ಎಳೆದು ತಂದು ಸಿಕ್ಕಿಸಿ, ತನ್ನ ಕೋಟನ್ನು ಮುಮ್ತಾಝಳ ಹೆಗಲಿಗೆ ಹೊದಿಸಿ, ಗಿರಾಕಿಗಳನ್ನು ಬಿಟ್ಟು ಅವಳ ಕೈ ಹಿಡಿದು ಪಕ್ಕದಲ್ಲೇ ಕೂತಳಂತೆ. ಕೊನೆಗೆ ಮಗು ಅತ್ತ ಸದ್ದು ಬಂದಾಗ ಆ ಹೆಂಗಸು ಮುಮ್ತಾಝಳಿಗಿಂತ ಜೋರಾಗಿ ಅತ್ತದ್ದು ನನಗೇ ಕೇಳಿಸಿತು. ಹೆಣ್ಣು ಮಗು, ತಾಯಿ ಮಗಳು ಇಬ್ಬರೂ ಕ್ಷೇಮ. ಅಝರ್ ಮಗುವಿನ ಕಿವಿಯಲ್ಲಿ ನಮಾಝಿನ ಕರೆಯಾದ ಬಾಂಗ್ ಹೇಳಿದ. ಮುಮ್ತಾಝ್ ಚೀಲ ಬಿಚ್ಚಿ, ಬಾಣಂತಿಗೆಂದು ಮಾಡಿದ್ದ ಮೆಂತೆಯ ಉಂಡೆಗಳನ್ನು ಸುತ್ತ ನಿಂತವರಿಗೆಲ್ಲ ಹಂಚಿದಳು. ಆ ಕಹಿಯನ್ನು ಒಬ್ಬರೂ ಉಗುಳದೆ ನುಂಗಿದರೆಂದು ತಿಳಿದು, ಯುರೋಪಿನವರ ಸಭ್ಯತೆಯ ಬಗ್ಗೆ ನನಗಿದ್ದ ಗೌರವ ಹೆಚ್ಚಿತು.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಇನ್ನು ಮುಂದೆ ದಾರಿ ತೋರಿಸುವಾಗ ದರದ ಪಕ್ಕದಲ್ಲಿ 'ನೆಂಟರು ಇದ್ದಾರೆ', 'ನೆಂಟರು ಇಲ್ಲ', 'ಇದ್ದಾರೆ ಆದರೆ ಮಾತಿಲ್ಲ' ಎಂದು ಮೂರು ಬಗೆಯಲ್ಲಿ ನಮೂದಿಸಬೇಕು, ಮತ್ತು ಎರಡನೆಯದರ ಎದುರು ದಪ್ಪ ಅಕ್ಷರದಲ್ಲಿ ಎಚ್ಚರಿಕೆ ಹಾಕಬೇಕು. ಬಸುರಿ ಮಗಳಿರುವ ಮನೆಯವರು ಒತ್ತಿದಾಗ ತಾವು ಹಸಿರಿನಿಂದ ಕೆಂಪಾಗಬೇಕು. ಇದಾವುದೂ ಆಗದಿದ್ದಲ್ಲಿ, ಹ್ಯಾಲಿಫ್ಯಾಕ್ಸನ್ನು ಕಾವೂರು ಕೆರೆಯ ಆಚೆ ದಡಕ್ಕೆ ತಂದಿಡಲು ಸಂಬಂಧಪಟ್ಟವರಿಗೆ ಶಿಫಾರಸು ಮಾಡಬೇಕು. ಶಿಫಾರಸು ಮಾಡುವುದರಲ್ಲಿ ತಮಗಿರುವ ಧೈರ್ಯವನ್ನು ನಾನು ಬಲ್ಲೆ.

ಒಮ್ಮೆ ಒತ್ತಿದ ಕರ್ಮಕ್ಕೆ,
ತಮ್ಮ ವಿಶ್ವಾಸಿ,
ಹಾಶಿಂ, ಕಾವೂರು

ವಿ.ಸೂ.: ಹಿಂದಿರುಗುವ ಟಿಕೆಟ್ಟಿಗೆ ತಾವು ದಿನವೂ ನನಗೆ ಅತ್ಯುತ್ತಮ ಆಯ್ಕೆಗಳನ್ನು ಕಳಿಸುತ್ತಿದ್ದೀರಿ. ದಯವಿಟ್ಟು ಶ್ರಮ ಪಡಬೇಡಿ. ಮರುದಿನದ ವಿಮಾನದಲ್ಲಿ ಹ್ಯಾಲಿಫ್ಯಾಕ್ಸ್ ಮುಟ್ಟಿರುವ ಮುಮ್ತಾಝ್, ಬರುವಾಗ ಮೊದಲು ಆ ಚಹಾ ಅಂಗಡಿಯವಳ ನಿಲ್ದಾಣದಲ್ಲಿ ಒಂದು ಹಗಲು, ಆಮೇಲೆ ದೋಹಾದಲ್ಲಿ ತಮ್ಮನ ಮನೆಯಲ್ಲಿ ಒಂದು ವಾರ, ಶಾರ್ಜಾದಲ್ಲಿ ನನ್ನ ಅಕ್ಕನ ಮನೆಯಲ್ಲಿ ಇನ್ನೊಂದು ವಾರ ಕೂತು ಬರುವುದೆಂದು ನಿಶ್ಚಯಿಸಿದ್ದಾಳೆ. ಟಿಕೆಟ್ಟನ್ನು ಝುಬೈರ್ ತೆಗೆದಾಗಿದೆ. ಬೇಗ ಬರುವ ದಾರಿ ಉಂಟಲ್ಲ ಎಂದು ನಾನು ಫೋನಿನಲ್ಲಿ ತಮ್ಮ ಪರವಾಗಿ ವಾದಿಸಿದೆ. "ನನಗೆ ಬೇಗ ಮುಟ್ಟಬೇಕಾಗಿದ್ದದ್ದು ಒಂದೇ ದಿವಸ. ಅದು ಆಗಿ ಹೋಯ್ತಲ್ಲ, ಇನ್ನು ಎಂತ ಅವಸರ?" ಎಂದಳು. ಈ ಮಾತಿಗೆ ಉತ್ತರ ಕೊಡುವ ಗುಂಡಿ ತಮ್ಮಲ್ಲಿದ್ದರೆ ತಿಳಿಸಿ.