ಹೇಳಿಕೊಡುವವನ ಹೆಂಡತಿ

ಮಧ್ಯಾಹ್ನ ನಿದ್ದೆ ಮಾಡುವವರನ್ನು ಕಂಡರೆ ಜಗತ್ತಿಗೆ ಯಾಕೋ ಅಷ್ಟಕ್ಕಷ್ಟೆ. ರಾತ್ರಿಯಿಡೀ ಗೊರಕೆ ಹೊಡೆದವನನ್ನು ಯಾರೂ ಏನೂ ಅನ್ನುವುದಿಲ್ಲ. ಊಟವಾದ ಮೇಲೆ ಒಂದು ಗಳಿಗೆ ಚಾಪೆಯ ಮೇಲೆ ಹೊರಳಿದವನು ಮಾತ್ರ ಸೋಮಾರಿ. ನಾನು ಈ ಅಪವಾದವನ್ನು ಹೊತ್ತುಕೊಂಡೇ ಸುಖವಾಗಿ ಬದುಕಿದವನು. ಆಗ ನಾನು ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ, ಕೆಲಸಗಾರರ ಹಾಜರಿ ನೋಡುವ ಟೈಮ್ ಆಫೀಸಿನ ಗುಮಾಸ್ತ. ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ಬೆಳಗಿನ ಪಾಳಿ ಮುಗಿಸಿ, ಕ್ವಾರ್ಟರ್ಸಿಗೆ ಬಂದು, ಅನ್ನ ಸಾರು ಉಂಡು ಮಲಗಿದರೆ, ಕಿಟಕಿಯ ಬಿಸಿಲು ಗೋಡೆ ಹತ್ತಿ ಸೂರಿಗೆ ಹೋಗುವವರೆಗೆ ನನಗೆ ಈ ಲೋಕದ ಸಂಬಂಧವಿರುತ್ತಿರಲಿಲ್ಲ. ನಿದ್ದೆಯಲ್ಲಿ ನಾನು ಏನೋ ಗೊಣಗುತ್ತೇನಂತೆ. ಏನೆಂದು ಕೇಳಿದರೆ ನನ್ನ ಹೆಂಡತಿ ಮಂಗಳ ಹೇಳುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಾ ಒಬ್ಬಳೇ ನಗುತ್ತಿದ್ದಳು. ಬಹುಶಃ ನನ್ನ ಮೇಲಧಿಕಾರಿಯನ್ನು ಬೈಯುತ್ತಿರಬೇಕು ಎಂದುಕೊಂಡು ನಾನೂ ಸುಮ್ಮನಾಗಿದ್ದೆ.

ನನಗೆ ಇನ್ನೊಂದು ಉದ್ಯೋಗವೂ ಇತ್ತು. ನಮ್ಮ ಕಾರ್ಖಾನೆಯ ನಾಟಕ ಸಂಘದಲ್ಲಿ ಹದಿನಾಲ್ಕು ವರ್ಷಗಳಿಂದ ನಾನು ಪ್ರಾಂಪ್ಟರು. ಎಂದರೆ, ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಮಾತು ಮರೆತ ನಟನಿಗೆ ಪಿಸುದನಿಯಲ್ಲಿ ಹೇಳಿಕೊಡುವವನು. ಈ ಕೆಲಸದ ಕಷ್ಟ ಯಾರಿಗೂ ತಿಳಿಯದು. ಚೆನ್ನಾಗಿ ಮಾಡಿದರೆ ನಾನು ಇದ್ದೇನೆಂದೇ ಜನಕ್ಕೆ ಗೊತ್ತಾಗುವುದಿಲ್ಲ. ಗೊತ್ತಾದರೆ ಕೆಟ್ಟದಾಗಿ ಮಾಡಿದೆನೆಂದು ಅರ್ಥ. ರಾಜ, ಮಂತ್ರಿ, ಋಷಿ, ದಾಸಿ ಎಲ್ಲರ ಮಾತೂ ನನಗೆ ಬಾಯಿಪಾಠ. ಆದರೂ ಒಂದು ಸಲವಾದರೂ ಮುಖಕ್ಕೆ ಬಣ್ಣ ಹಚ್ಚಿದವನಲ್ಲ. ಕನ್ನಡಿ ನೋಡಿಕೊಂಡವನಿಗೆ ಕಾರಣ ಬೇರೆ ಹೇಳಬೇಕಾಗಿಲ್ಲ.

ನಮ್ಮ ಸಂಘದ ಕೈಗೂಸು ಒಂದೇ ಒಂದು ನಾಟಕ. ಹಳೆಯ ಕಾಲದ್ದು, ಎಲ್ಲ ಊರಿನವರೂ ಆಡಿ ಸವೆಸಿದ್ದು. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹಾಡು ಶುರು ಮಾಡಿಬಿಡುತ್ತೀರಿ, ನನ್ನ ಕತೆ ನಿಂತುಹೋಗುತ್ತದೆ. ಯಾರದೋ ಚಾಡಿ ಕೇಳಿ ರಾಣಿಯನ್ನು ಕಾಡಿಗಟ್ಟಿದ ರಾಜ, ವರ್ಷಗಳ ಮೇಲೆ ಅವಳನ್ನು ಮತ್ತೆ ಕಂಡು ಕರಗಿಹೋಗುವ ಕತೆ ಎಂದರೆ ಸಾಕು. ರಾಜನ ಪಾತ್ರ ನಮ್ಮ ರುದ್ರಪ್ಪನದು. ಅವನು ಕುಲುಮೆಯ ವಿಭಾಗದವನು. ಆ ಸದ್ದಿನಲ್ಲಿ ಕೂಗಿ ಕೂಗಿ ಅಭ್ಯಾಸವಾಗಿ, ರಾಣಿಗೆ ಪ್ರೀತಿಯ ಮಾತು ಹೇಳುವಾಗಲೂ ಅವನು ಕ್ರೇನಿನವನಿಗೆ ಸೂಚನೆ ಕೊಡುವಂತೆ ಕೂಗುತ್ತಿದ್ದ. ಹದಿನಾಲ್ಕು ವರ್ಷ ಅದನ್ನೇ ಕೇಳಿದ್ದೆ. ಪ್ರೀತಿ ಎಂದರೆ ಗಂಟಲಿನ ಕೆಲಸ ಎಂದೇ ನನಗೂ ಅನ್ನಿಸಿಬಿಟ್ಟಿತ್ತು.

ಆ ವರ್ಷ ಕಾರ್ಯದರ್ಶಿ ಷಣ್ಮುಗಂ ಅವರ ತಲೆಯಲ್ಲಿ ಹೊಸ ಹುಳ ಹೊಕ್ಕಿತು. ಈ ಸಲ ನಾಟಕ ಭದ್ರಾವತಿಯಲ್ಲಲ್ಲ, ಶಿವಮೊಗ್ಗದಲ್ಲಿ. ಹುಬ್ಬಳ್ಳಿಯಿಂದ ಮಖಮಲ್ ಪರದೆ, ಬಣ್ಣಬಣ್ಣದ ವಿದ್ಯುತ್ ದೀಪ, ಹಿತ್ತಾಳೆ ಸಿಂಹಾಸನ. ರಾಣಿಯ ಪಾತ್ರಕ್ಕೆ ಕಂಪನಿ ನಾಟಕದ ಹಿರಿಯ ನಟಿ. ರಾಜನ ಪಾತ್ರಕ್ಕೆ, ಎರಡೇ ಎರಡು ಸಿನಿಮಾದಲ್ಲಿ ಬಂದು ಊರಿನ ಹುಡುಗಿಯರ ನಿದ್ದೆ ಕೆಡಿಸಿದ್ದ ಒಬ್ಬ ಚಿಗುರು ಮೀಸೆಯ ತಾರೆ.

"ಮತ್ತೆ ರುದ್ರಪ್ಪ?" ಎಂದೆ.

"ಏನ್ ಸಾರ್ ನೀವು! ರುದ್ರಪ್ಪನ್ನ ನೋಡಾಕೆ ಅವ್ರ ಹೆಂಡ್ತೀನೇ ಬರಲ್ಲ. ಈ ತಂಬಿ ಬಂದ್ರೆ ಶಿವಮೊಗ್ಗ ಪೂರಾ ಬರ್ತದೆ. ರುದ್ರಪ್ಪಂಗೆ ದ್ವಾರಪಾಲಕನ ವೇಷ. ಮಾತಿಲ್ಲ, ಈಟಿ ಹಿಡ್ಕೊಂಡು ನಿಂತ್ರೆ ಸಾಕು."

ರುದ್ರಪ್ಪ ಒಂದು ವಾರ ನನ್ನೊಡನೆ ಮಾತು ಬಿಟ್ಟ. ಪಾತ್ರ ಕಿತ್ತುಕೊಂಡವರು ಷಣ್ಮುಗಂ. ಆದರೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಧೈರ್ಯ ಬೇಕು, ನನ್ನ ಮೇಲಾದರೆ ಯಾರು ಬೇಕಾದರೂ ಮಾಡಿಕೊಳ್ಳಬಹುದು.

ಈಗ ಮಂಗಳಳ ವಿಷಯ. ಹದಿನಾಲ್ಕು ವರ್ಷದಲ್ಲಿ ಅವಳು ನಮ್ಮ ನಾಟಕವನ್ನು ಒಂದು ಸಲವೂ ನೋಡಿರಲಿಲ್ಲ. ಅವಳ ತವರಿನಲ್ಲಿ ನಾಟಕವೆಂದರೆ ಇಸ್ಪೀಟಿಗೆ ಸಮ. ಮದುವೆಯಾದ ಹೊಸದರಲ್ಲೇ, "ಮನೆಯೊಳಗೆ ಆ ಪುಸ್ತಕ ತರ್ಬೇಡಿ" ಎಂದು ಕಟ್ಟಪ್ಪಣೆ ಮಾಡಿದ್ದಳು. ಕೈಬರಹದ ಆ ಪುಸ್ತಕವನ್ನು ನಾನು ಆಫೀಸಿನ ಡ್ರಾಯರಿನಲ್ಲಿ, ತಡವಾಗಿ ಬಂದವರ ಪಟ್ಟಿಯ ಕೆಳಗೆ ಇಟ್ಟು ಓದುತ್ತಿದ್ದೆ. ನಾಟಕಕ್ಕೆ ಕರೆದರೆ, "ಹೋಗಿ ಮಾರಾಯ್ರೆ, ಅಲ್ಲಿ ಬಂದು ಏನು ನೋಡ್ಲಿ? ನೀವು ನಿಂತಿರೋ ಪರದೆನಾ?" ಎನ್ನುತ್ತಿದ್ದಳು. ಮಾತೇನೋ ಸರಿಯಾಗಿಯೇ ಇತ್ತು. ಆದರೂ ಪ್ರತಿವರ್ಷ ನಾಟಕದ ದಿನ ಪರದೆಯ ತೂತಿನಿಂದ ಹೆಂಗಸರ ಸಾಲನ್ನು ಹುಡುಕುತ್ತಿದ್ದೆ. ಹೆಂಡತಿ ಬಂದು ನೋಡಲಿ ಎಂದು ಯಾವ ಗಂಡಸಿಗೆ ಆಸೆಯಿರುವುದಿಲ್ಲ ಹೇಳಿ?

ನಾಟಕ ಬೇಡವಾದರೂ ಸಿನಿಮಾ ಅವಳಿಗೆ ಬೇಕು; ಆ ತಾರೆಯದೊಂದು ಸಿನಿಮಾವನ್ನು ನಾಲ್ಕು ಸಲ ನೋಡಿದ್ದಳು. ಆ ಹುಡುಗ ಬರುತ್ತಾನೆಂದು ತಿಳಿದದ್ದೇ ತಡ, ಮಂಗಳ ಪೆಟ್ಟಿಗೆಯಿಂದ ಧಾರವಾಡದ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. "ಮೂರನೇ ಸಾಲಲ್ಲಿ ಕುರ್ಚಿ ಸಿಗತ್ತೇನ್ರೀ?" ಎಂದಳು. ನನಗೆ ಹೊಟ್ಟೆಕಿಚ್ಚಾಯಿತೆಂದು ಹೇಳಿದರೆ ನೀವು ನಗುತ್ತೀರಿ. ಆಯಿತು, ನಗಿ. ಆದರೆ ಹೊಟ್ಟೆಕಿಚ್ಚಿನ ಜತೆಗೇ ಒಂದು ಕನಸೂ ಹುಟ್ಟಿತು. ಆ ಹುಡುಗನ ಬಾಯಿಂದ ಬರುವ ಒಂದೊಂದು ಮಾತೂ ಮೊದಲು ನನ್ನ ಬಾಯಿಂದ ಬರಬೇಕಲ್ಲ! ಅವನನ್ನು ನೋಡಲು ಬಂದವಳು ನನ್ನನ್ನು ಕೇಳಿಸಿಕೊಂಡು ಹೋಗುತ್ತಾಳೆ. "ನೋಡ್ತಿರು, ನಾನಿಲ್ದೆ ಆ ನಿನ್ನ ಹೀರೋ ಒಂದು ಹೆಜ್ಜೆ ಇಡೋಕಾಗಲ್ಲ" ಎಂದು ಎದೆ ತಟ್ಟಿಕೊಂಡೆ. "ನೋಡೇಬಿಡ್ತೀನಿ" ಎಂದಳು. ಅಲ್ಲಿಗೆ ನನ್ನ ಹದಿನಾಲ್ಕು ವರ್ಷದ ಮರ್ಯಾದೆಯನ್ನು ನಾನೇ ಒಂದು ಮಧ್ಯಾಹ್ನದ ಮೇಲೆ ಪಣಕ್ಕೆ ಕಟ್ಟಿಬಿಟ್ಟಿದ್ದೆ.

ಮಧ್ಯಾಹ್ನ ಯಾಕೆಂದರೆ, ತಾರೆಗೆ ಮರುದಿನವೇ ಮದರಾಸಿನಲ್ಲಿ ಶೂಟಿಂಗು, ಸಂಜೆಗೆ ಹೊರಡಲೇಬೇಕು. ಹಾಗಾಗಿ ಭಾನುವಾರ ಎರಡು ಗಂಟೆಗೆ ಆಟ. ಅವನು ಬಂದದ್ದು ಬೆಳಗ್ಗೆ. ಒಳ್ಳೆಯ ಹುಡುಗ, ಗರ್ವವಿಲ್ಲ. ನನ್ನ ಕೈ ಹಿಡಿದುಕೊಂಡು, "ಸಾರ್, ಸ್ಟುಡಿಯೋದಲ್ಲಿ ಒಂದು ವಾಕ್ಯ ಹೇಳಿದ್ರೆ ಕಟ್ ಅಂತಾರೆ. ಇಲ್ಲಿ ಮೂರು ಗಂಟೆ ಯಾರೂ ಕಟ್ ಅನ್ನಲ್ವಂತೆ. ಹೇಗೆ ಸಾರ್?" ಎಂದ. ಪಾಪ ಅನ್ನಿಸಿತು. ಉದ್ದುದ್ದ ಮಾತುಗಳನ್ನು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು, ಜನರಿಗೆ ಕಾಣದ ಹಾಗೆ ಅರಮನೆಯ ಕಂಬಗಳಿಗೆ ಅಂಟಿಸಿದೆ. ಬರೆದದ್ದು ಟೈಮ್ ಆಫೀಸಿನ ಕೆಂಪು ಶಾಯಿಯಲ್ಲಿ. ತಡವಾಗಿ ಬಂದವರ ಹೆಸರಿನ ಮುಂದೆ ಗುರುತು ಹಾಕಲು ನನ್ನ ಜೇಬಿನಲ್ಲಿ ಸದಾ ಇರುತ್ತಿದ್ದದ್ದು ಅದೊಂದೇ ಪೆನ್ನು.

ಸಭಾಂಗಣ ಕಿಕ್ಕಿರಿದಿತ್ತು. ನಮ್ಮ ಊರಿನ ಪಾಳಿಯವರು ರೈಲಿನಲ್ಲಿ ಬಂದು ಹಿಂದಿನ ಚಾಪೆಗಳ ಮೇಲೆ ಕೂತಿದ್ದರು. ತಾರೆ ರಂಗಕ್ಕೆ ಬಂದ ಕೂಡಲೇ ಎದ್ದ ಶಿಳ್ಳೆ ಐದು ನಿಮಿಷ ನಿಲ್ಲಲಿಲ್ಲ. "ಅಣ್ಣಾ, ಫೈಟಿಂಗ್ ಯಾವಾಗ?" ಎಂದು ಯಾರೋ ಕೂಗಿದರು. ಆ ಐದು ನಿಮಿಷದಲ್ಲಿ ಹುಡುಗ ಮೊದಲನೆಯ ಮಾತನ್ನೇ ಮರೆತ. ಹೇಳಿಕೊಟ್ಟೆ, ಹೇಳಿದ. ಚಪ್ಪಾಳೆ. ಮತ್ತೆ ನಿಂತ, ಹೇಳಿಕೊಟ್ಟೆ, ಹೇಳಿದ. ಹೀಗೆಯೇ ಬಂಡಿ ಸಾಗಿತು. ಪರದೆಯ ತೂತಿನಿಂದ ನೋಡಿದರೆ ಮಂಗಳ ಮೂರನೇ ಸಾಲಿನಲ್ಲಿ, ಹೂ ಮುಡಿದು, ಕಣ್ಣು ಮಿಟುಕಿಸದೆ ಕೂತಿದ್ದಳು. ಅವಳು ನೋಡುತ್ತಿದ್ದದ್ದು ಅವನನ್ನೇ. ಇರಲಿ, ಕೇಳುತ್ತಿರುವುದು ನನ್ನನ್ನು ಎಂದು ಸಮಾಧಾನ ಮಾಡಿಕೊಂಡೆ.

ಕೊನೆಯ ದೃಶ್ಯ ಬಂತು. ರಾಣಿ ಸಿಕ್ಕಿದ್ದಾಳೆ. ರಾಜನನ್ನು ಕಂಡದ್ದೇ ಮೂರ್ಛೆ ಹೋಗಿದ್ದಾಳೆ. ಸಂಜೆಯ ಹೊತ್ತೆಂದು ತೋರಿಸಲು ಷಣ್ಮುಗಂ ಕೆಂಪು ದೀಪ ಹಾಕಿಸಿದರು. ಅರಮನೆಯೆಲ್ಲ ದಾಸವಾಳದ ಬಣ್ಣಕ್ಕೆ ತಿರುಗಿತು. ಹುಡುಗ ಮಂಡಿಯೂರಿ, ನಾನು ಹೇಳಿಕೊಡುವ ಮೊದಲೇ, ತಾನಾಗಿ ಹೇಳಿದ: "ಇಷ್ಟು ದಿನ ಎಲ್ಲಿದ್ದೆ? ನೀನಿಲ್ಲದ ಮನೆಯಲ್ಲಿ ಬಾಗಿಲೆಲ್ಲ ತೆರೆದೇ ಇದ್ದವು..."

ನಾನು ಆ ಮಾತನ್ನು ಎಷ್ಟು ಸಲ ಓದಿದ್ದೆನೋ. ಆದರೆ ಅವತ್ತೇ ಮೊದಲು ಕೇಳಿದ್ದು. ಹುಡುಗ ಕೂಗಲಿಲ್ಲ. ಮಲಗಿರುವವರ ಹಣೆ ಮುಟ್ಟಿ ನೋಡುವಾಗ ಮಾತಾಡುವಂತೆ ಮೆಲ್ಲಗೆ ಹೇಳಿದ. ನನ್ನ ಕೈಯ ಪುಸ್ತಕ ತಾನಾಗಿ ಮಡಚಿಕೊಂಡಿತು. ಯಾವುದೋ ಮನೆ, ತೆರೆದ ಬಾಗಿಲು, ಗೋಡೆ ಹತ್ತುವ ಬಿಸಿಲು, ಪಕ್ಕದಲ್ಲಿ ಯಾರೋ ಸೊಪ್ಪು ಬಿಡಿಸುವ ಸದ್ದು, ಎಲ್ಲಾ ಕಣ್ಣ ಮುಂದೆ ತೇಲಿದವು. ಹುಡುಗ ಮಾತು ನಿಲ್ಲಿಸಿದ್ದ. ಆಹಾ, ಎಂಥ ಮೌನ, ಎಂಥ ನಟನೆ ಎಂದು ನಾನು ತಲೆದೂಗುತ್ತಾ ನಿಂತೆ.

ಅದು ನಟನೆಯಲ್ಲ. ಕೆಂಪು ಬೆಳಕಿನಲ್ಲಿ ಕಂಬದ ಮೇಲಿನ ನನ್ನ ಕೆಂಪು ಅಕ್ಷರಗಳೆಲ್ಲ ಮಾಯವಾಗಿದ್ದವು. ಅವನು ಬಿಳೀ ಹಾಳೆಯನ್ನು ನೋಡುತ್ತಿದ್ದ. ಆಮೇಲೆ ನನ್ನ ಕಡೆ ನೋಡಿದ. ನಾನು ಅವನನ್ನೇ ನೋಡಿ ಮೆಚ್ಚುಗೆಯಿಂದ ಮುಗುಳ್ನಕ್ಕೆನಂತೆ. ಈಟಿ ಹಿಡಿದು ಪಕ್ಕದಲ್ಲೇ ನಿಂತಿದ್ದ ರುದ್ರಪ್ಪನಿಗೆ ಮುಂದಿನ ಮಾತು ನಿದ್ದೆಯಲ್ಲಿ ಎಬ್ಬಿಸಿದರೂ ಬರುತ್ತದೆ. ಅವನು ಸೂರು ನೋಡಿದ. ಆಮೇಲೆ ಷಣ್ಮುಗಂ ಕೇಳಿದ್ದಕ್ಕೆ, "ದ್ವಾರಪಾಲಕಂಗೆ ಮಾತಿಲ್ಲ ಅಂತ ನೀವೇ ಅಲ್ವಾ ಹೇಳಿದ್ದು?" ಎಂದ. ಕಂಪನಿಯ ನಟಿ ಮೂರ್ಛೆ ಹೋಗಿದ್ದಳು. ಮೂರ್ಛೆ ಹೋದವಳು ಹೇಳಿಕೊಡುವುದು ಹೇಗೆ? ಹಿಂದಿನ ಚಾಪೆಗಳಿಂದ ಒಂದು ಕೆಮ್ಮು ಬಂತು, ಆಮೇಲೆ ಇನ್ನೊಂದು. ಯಾವಾಗ ಬೇಕಾದರೂ ಗಲಾಟೆ ಏಳಬಹುದಿತ್ತು.

ಆಗ ಮೂರನೇ ಸಾಲಿನಿಂದ ಒಂದು ಹೆಣ್ಣುದನಿ, ನಾಚಿಕೆಯಿಲ್ಲದೆ, ಗಡಿಬಿಡಿಯಿಲ್ಲದೆ, ಸ್ಪಷ್ಟವಾಗಿ ಹೇಳಿತು: "ನಿನ್ನ ಹೆಜ್ಜೆಯ ಸದ್ದು ಕೇಳಿದ ಮೇಲೆಯೇ, ನಾನು ಮನೆಗೆ ಬಂದೆನೆಂದು ತಿಳಿಯಿತು."

ಹುಡುಗ ಆ ಮಾತನ್ನು ಎರಡೂ ಕೈಯಲ್ಲಿ ಬಾಚಿಕೊಂಡ. ಆ ಹೆಂಗಸಿನ ಕಡೆಗೇ ತಿರುಗಿ, ಅವಳಿಗೇ ಹೇಳುವಂತೆ ಹೇಳಿದ. ಸಭಾಂಗಣಕ್ಕೆ ಸಭಾಂಗಣವೇ ಎದ್ದು ನಿಂತಿತು. ಇದೂ ನಾಟಕದ ಹೊಸ ತಂತ್ರವೆಂದು ತಿಳಿದು ಷಣ್ಮುಗಂ ಅವರನ್ನು ಜನ ಎರಡು ದಿನ ಹೊಗಳಿದರು. ಅವರೂ ಹೊಗಳಿಸಿಕೊಂಡರು. ಪರದೆ ಬಿದ್ದ ಮೇಲೆ ತಾರೆ ಕೆಳಗಿಳಿದು ಬಂದು ಮಂಗಳಳಿಗೆ ಕೈ ಮುಗಿದ. ನಾಲ್ಕು ಸಲ ನೋಡಿದ ಸಿನಿಮಾದ ಹುಡುಗ ಎದುರಿಗೇ ನಿಂತಿದ್ದರೆ, ಇವಳು ನೆಲ ನೋಡುತ್ತಿದ್ದಳು.

ಸಂಜೆಯ ರೈಲಿನಲ್ಲಿ ವಾಪಸು ಹೊರಟೆವು. ಹೊರಗೆ ತುಂಗೆಯ ಕಡೆ ಇನ್ನೂ ಬೆಳಕಿತ್ತು. ಗದ್ದೆಗಳು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದವು. ನನಗೆ ಒಂದೇ ಆಶ್ಚರ್ಯ: ನಾಟಕವನ್ನೇ ನೋಡದವಳಿಗೆ, ಪುಸ್ತಕವನ್ನು ಮನೆಗೇ ಬಿಡದವಳಿಗೆ ಆ ಮಾತು ಹೇಗೆ ಗೊತ್ತು? ಕೇಳಿದೆ.

ಮಂಗಳ ಕಿಟಕಿಯ ಕಡೆ ಮುಖ ತಿರುಗಿಸಿದಳು. "ಮಧ್ಯಾಹ್ನ ನಿದ್ದೇಲಿ ನೀವು ಹೇಳ್ತೀರಲ್ರೀ. ಮದ್ವೆಯಾದಾಗಿಂದ" ಎಂದಳು.

ನಾನು ಅವಳ ಕಡೆಗೆ ತಿರುಗಿ ಕೂತೆ.

"ಭಾಷೆ ಸ್ವಲ್ಪ ಗ್ರಂಥದ ಥರ ಇದೆ ಅನ್ಸ್ತಿತ್ತು. ಆಫೀಸಲ್ಲಿ ಅರ್ಜಿ ಬರ್ದು ಬರ್ದು ಹಂಗಾಗಿದೆ ಅಂದ್ಕೊಂಡೆ. ಎಚ್ಚರ ಇದ್ದಾಗ ಉಪ್ಪು ಕಮ್ಮಿ ಅನ್ನೋದು ಬಿಟ್ರೆ ಬೇರೆ ಮಾತಿಲ್ಲ ನಿಮ್ದು. ನಿದ್ದೇಲಾದ್ರೂ ನಂಗೆ ಇಂಥ ಮಾತು ಹೇಳ್ತಾರಲ್ಲ ಅಂತ..." ಮತ್ತೆ ನನ್ನ ಮುಖ ನೋಡಿ ಕೇಳಿದಳು. "ಹಂಗಾದ್ರೆ ಅದು ನಾಟಕದ್ದಾ?"

ಸ್ವಾಮಿ, ಹದಿನಾಲ್ಕು ವರ್ಷ ರಾಜರಿಗೆ, ಋಷಿಗಳಿಗೆ ಮಾತು ಹೇಳಿಕೊಟ್ಟವನು ನಾನು. ಆ ಗಳಿಗೆಯಲ್ಲಿ ನನಗೆ ಹೇಳಿಕೊಡಲು ಯಾವ ಪರದೆಯ ಹಿಂದೆಯೂ ಯಾರೂ ನಿಂತಿರಲಿಲ್ಲ. ಅದು ನಿನಗೇ ಹೇಳಿದ್ದು ಎನ್ನಬೇಕು ಅನ್ನಿಸಿತು. ಅರ್ಧ ನಿಜವೂ ಆಗಿತ್ತು. ಇಂಜಿನ್ನಿನ ಹೊಗೆ ಒಳಗೆ ನುಗ್ಗಿತು. ಯೋಚಿಸಿ ಯೋಚಿಸಿ, ಕೊನೆಗೆ ಬಾಯಿಬಿಟ್ಟೆ.

"ಕಿಟಕಿ ಹಾಕ್ಲಾ? ಕಣ್ಣಿಗೆ ಕಿಡಿ ಬೀಳತ್ತೆ."

ಮಂಗಳ ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು, ಎದುರಿನವರು ತಿರುಗಿ ನೋಡುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಇದು ಮಾತ್ರ ನಿಮ್ದೇ" ಎಂದಳು. ನಾನು ಕಿಟಕಿ ಹಾಕಿದೆ.

ಈಗಲೂ ನಾನು ಮಧ್ಯಾಹ್ನ ಮಲಗುತ್ತೇನೆ. ಗೊಣಗುವುದೂ ಬಿಟ್ಟಿಲ್ಲವಂತೆ. ಏನು ಗೊಣಗುತ್ತೇನೆಂದು ಕೇಳಿದರೆ ಮಂಗಳ ಈಗ ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ: "ಕಿಟಕಿ ಹಾಕ್ಲಾ ಅಂತೀರಿ." ನಿಜವೋ, ನನ್ನನ್ನು ಆಡಿಸುತ್ತಾಳೋ, ನಿದ್ದೆ ಮಾಡುವವನಿಗೆ ಹೇಗೆ ತಿಳಿಯಬೇಕು? ಆದರೆ ಹೇಳಿದ ಮೇಲೆ ಅವಳು ಸೊಪ್ಪು ಬಿಡಿಸುತ್ತಾ, ಮೊದಲಿನ ಹಾಗೆಯೇ, ಒಬ್ಬಳೇ ನಗುತ್ತಾಳೆ.