ಕಣಜದ ಹುಳುಗಳೇ, ನನ್ನ ಮಷೀನು ಬಿಟ್ಟುಕೊಡಿ

ಮಾನ್ಯರೇ,

ಮನೆಯ ಹಿಂದಿನ ಹುಲ್ಲಿನಲ್ಲಿ, ಎಡಗಡೆ ನೆಲದೊಳಗೆ ಬಿಡಾರ ಹೂಡಿರುವ ಕಣಜದ ಹುಳುಗಳ ಸಮಸ್ತ ಕುಟುಂಬಕ್ಕೂ, ಒಳಕೋಣೆಯಿಂದ ಆಚೆಗೆ ಕಾಲಿಡದ ಮಹಾರಾಣಿಯವರಿಗೂ ನನ್ನ ಊದಿದ ಕೈಗಳಿಂದಲೇ ನಮಸ್ಕಾರ.

ಮೊದಲು ಕಾಲು ಕೆರೆದವನು ನಾನಲ್ಲ. ಹಾಗಂತ ಯಾರು ಹೇಳಿದರೋ ಅವರನ್ನು ಕರೆಸಿ ನನ್ನೆದುರು ನಿಲ್ಲಿಸಿ. ನಾನು ನನ್ನ ಪಾಡಿಗೆ, ನಮ್ಮ ಮನೆಯ ಹುಲ್ಲನ್ನು, ನನ್ನ ಮಷೀನಿನಲ್ಲಿ ಕತ್ತರಿಸಿಕೊಂಡು ಬರುತ್ತಿದ್ದೆ. ಅರ್ಧ ಮುಗಿದಿತ್ತು. ಅಷ್ಟರಲ್ಲಿ ಮುಂದಿನ ಚಕ್ರ ದಪ್ಪಂತ ಒಂದು ತೂತಿಗೆ ಇಳಿಯಿತು. ಅದು ತಮ್ಮ ಅರಮನೆಯ ಹೆಬ್ಬಾಗಿಲು ಅಂತ ಅಲ್ಲೇನಾದರೂ ಬೋರ್ಡು ಹಾಕಿದ್ದಿರಾ? ಇಲ್ಲ. ಒಂದು ಮಾತು ಕೇಳಿದಿರಾ, ಯಾರಪ್ಪಾ ನೀನು, ಏನು ಸಮಾಚಾರ ಅಂತ? ಅದೂ ಇಲ್ಲ. ಸಂಸಾರ ಸಮೇತ ಎದ್ದು ಬಂದು ಕಿವಿಯ ಹಿಂದೆ ಕುಟುಕಿದಿರಿ, ಮೊಣಕೈಗೆ ಕುಟುಕಿದಿರಿ, ನಾನು ಬೆನ್ನು ತೋರಿಸಿ ಓಡುವಾಗ ಇನ್ನೂ ಒಂದು ಕಡೆ ಕುಟುಕಿದಿರಿ. ಎಲ್ಲಿ ಅಂತ ಬರೆಯುವಂತಿಲ್ಲ, ಇದು ಬಹಿರಂಗ ಪತ್ರ. ಅಡುಗೆಮನೆಯ ಕಿಟಕಿ ಗಾಜಿಗೆ ತಮ್ಮ ಕಡೆ ಮುಖ ಮಾಡಿ ಅಂಟಿಸುತ್ತೇನೆ, ಪಕ್ಕದ ಮನೆಯವರೂ ಓದುತ್ತಾರೆ.

ತಮ್ಮ ಶಿಸ್ತನ್ನು ಹೊಗಳದೆ ಇರಲಾರೆ. ಬಾಗಿಲಲ್ಲಿ ನಿಂತ ತಮ್ಮ ಕಾವಲುಗಾರ ಆಕಳಿಸಿದ್ದನ್ನು ಸಹ ನಾನು ಕಂಡಿಲ್ಲ, ಆದರೆ ನಮ್ಮ ಅಕ್ಕನ ಆಫೀಸಿನ ಗೇಟಿನಲ್ಲಿ ಕೂತವನು ಗೊರಕೆ ಹೊಡೆಯುವುದು ಬೀದಿಯ ಆಚೆಗೂ ಕೇಳಿಸುತ್ತದೆ. ತಮ್ಮಲ್ಲಿ ಒಬ್ಬರಿಗೆ ಕೋಪ ಬಂದರೆ ಮನೆಮಂದಿಗೆಲ್ಲ ಬರುತ್ತದೆ. ಎಂಥ ಒಗ್ಗಟ್ಟು! ನಮ್ಮ ಮನೆಯಲ್ಲಿ ನನಗೊಬ್ಬನಿಗೇ ಬರುತ್ತದೆ, ಉಳಿದವರು ಕೂತು ನೋಡುತ್ತಾರೆ. ನಾನು ಕೂಗಿಕೊಂಡು ಒಳಗೆ ಓಡಿ ಬಂದಾಗ ಅಜ್ಜಿ ಕೇಳಿದ ಮೊದಲ ಮಾತು, "ಅವಕ್ಕೇನೂ ಆಗಿಲ್ಲ ತಾನೇ?" ಅಂತ. ಅಕ್ಕನಂತೂ ಕಿವಿಗೆ ಐಸು ಹಿಡಿಯುತ್ತಾ, "ನಿನಗಿಂತ ಅವೇ ವಾಸಿ ಕಣೋ, ಬೆಳಗ್ಗೆ ಬೇಗ ಏಳ್ತವೆ" ಅಂದಳು. ತಾವು ನಮ್ಮ ಮನೆಗೆ ಬಂದು ಇನ್ನೂ ಒಂದು ಮಳೆಗಾಲ ಕಳೆದಿಲ್ಲ. ನಾನು ಹುಟ್ಟಿದಾಗಿನಿಂದ ಇಲ್ಲೇ ಇದ್ದೇನೆ. ನನಗೆ ಯಾವತ್ತೂ ಇಷ್ಟು ಮರ್ಯಾದೆ ಸಿಕ್ಕಿಲ್ಲ.

ಬಲಗಡೆಯ ನೆಲದಲ್ಲಿ ಒಂಟಿಯಾಗಿ ಮಣ್ಣು ತೋಡಿಕೊಂಡು ಬದುಕುವ ಜಾತಿಯ ಜೇನುನೊಣಗಳೂ ಇವೆ, ಅವರನ್ನು ನೋಡಿಯಾದರೂ ಕಲಿಯಬಾರದೇ? ರಾಣಿ ಇಲ್ಲ, ಸೈನ್ಯ ಇಲ್ಲ, ಒಬ್ಬೊಬ್ಬಳಿಗೆ ಒಂದೊಂದು ತೂತು, ಬಾಗಿಲ ಮುಂದೆ ಜರಡಿ ಹಿಡಿದಂಥ ಮಣ್ಣಿನ ಪುಟ್ಟ ಗುಡ್ಡೆ. ಬೆಳಗ್ಗೆ ಹೋಗುತ್ತಾರೆ, ಕಾಲಿಗೆಲ್ಲ ಹಳದಿ ಪುಡಿ ಮೆತ್ತಿಕೊಂಡು ಬರುತ್ತಾರೆ, ಯಾರ ತಂಟೆಗೂ ಇಲ್ಲ. ಕುಟುಕಿದ್ದು ಯಾರು ಅಂತ ಗೊತ್ತಾಗದ ಗಡಿಬಿಡಿಯಲ್ಲಿ ನಾನು ಅವರ ತೂತುಗಳ ಮೇಲೆಲ್ಲ ಹೂಕುಂಡ ಬೋರಲು ಹಾಕಿಬಿಟ್ಟೆ. ಪಾಪ, ಹೊರಗಿದ್ದವರು ಕುಂಡಗಳ ಸುತ್ತ ಸುತ್ತಿ, ಬೀಗದ ಕೈ ಕಳೆದುಕೊಂಡವರ ಹಾಗೆ ಕೂತರು. ಒಬ್ಬರೂ ಬಂದು ನನ್ನನ್ನು ಕೇಳಲಿಲ್ಲ. ಅಜ್ಜಿ ನನ್ನ ಕೈಯಲ್ಲೇ ಕುಂಡ ತೆಗೆಸಿ, "ಸಾರಿ ಕೇಳು. ಜೋರಾಗಿ ಕೇಳು, ಅವಕ್ಕೆ ಕೇಳಿಸಬೇಕು" ಅಂದರು. ಕೇಳಿದೆ. ಹುಲ್ಲಿನ ಮೇಲೆ ಮಂಡಿಯೂರಿ ನೊಣಕ್ಕೆ ಸಾರಿ ಕೇಳಿದ ಗಂಡಸು ಈ ಬೀದಿಯಲ್ಲಿ ಬೇರೆ ಯಾರಾದರೂ ಇದ್ದರೆ ಪರಿಚಯ ಮಾಡಿಸಿ. ಆಗ ತಾವು ಎಡಗಡೆಯಿಂದ ನೋಡುತ್ತಾ ಇದ್ದಿರಿ. ಒಬ್ಬರಾದರೂ ಬಾಯಿಬಿಟ್ಟು ನಿಜ ಹೇಳಬಹುದಿತ್ತು.

ಹೋಗಲಿ. ಕುಟುಕಿದ್ದು ನಾಲ್ಕು ದಿನಕ್ಕೆ ಇಳಿಯುತ್ತದೆ. ಮಷೀನಿನ ಕಥೆ ಹಾಗಲ್ಲ. ಅದರ ಚಕ್ರ ಇನ್ನೂ ತಮ್ಮ ಬಾಗಿಲಲ್ಲೇ ಸಿಕ್ಕಿಕೊಂಡಿದೆ, ತಾವು ಪಕ್ಕದಲ್ಲೇ ಇನ್ನೊಂದು ಬಾಗಿಲು ತೋಡಿಕೊಂಡು ಆರಾಮಾಗಿ ಓಡಾಡುತ್ತಿದ್ದೀರಿ. ಗುಜರಿಯಲ್ಲಿ ಬಿದ್ದಿದ್ದ ಆ ಮಷೀನನ್ನು ಹೊತ್ತು ತಂದು, ತುಕ್ಕು ಕೆರೆದು, ಬ್ಲೇಡು ಮಸೆದು, ಇಂಜಿನ್ನು ಬಿಚ್ಚಿ ತೊಳೆದು ಜೀವ ಬರಿಸಿದವನು ನಾನು. ಓದು ತಲೆಗೆ ಹತ್ತಲಿಲ್ಲ, ಬಿಟ್ಟೆ. ಈಗ ಊರವರ ಹುಲ್ಲು ಕತ್ತರಿಸಿ ಬದುಕುವುದು ಅದೊಂದನ್ನು ನಂಬಿಕೊಂಡೇ. ನಿನ್ನೆ ಮಬ್ಬಾದ ಮೇಲೆ ದೂರದಿಂದ ಹಗ್ಗ ಎಸೆದು ಎಳೆದೆ. ಹಿಡಿಕೆ ಅಲ್ಲಾಡಿತು, ಚಕ್ರ ಅಲ್ಲಾಡಲಿಲ್ಲ, ತಮ್ಮ ಕಾವಲುಗಾರ ಮಾತ್ರ ಹಗ್ಗ ಹಿಡಿದುಕೊಂಡೇ ನನ್ನ ತನಕ ಬಂದ.

ಇವತ್ತೇ ಹೆಡ್ಮಾಸ್ಟರ್ ಬರುತ್ತಾರೆ. ಶಾಲೆಯ ಮೈದಾನ ನೋಡಿಕೊಳ್ಳಲು ಖಾಯಂ ಆಗಿ ಒಬ್ಬ ಬೇಕಂತೆ. ಆ ಮೈದಾನ ನನಗೆ ಅಂಗೈ ಇದ್ದ ಹಾಗೆ, ಯಾಕೆಂದರೆ ಕ್ಲಾಸಿನಿಂದ ಆಚೆ ಹಾಕಿದಾಗೆಲ್ಲ ಇದೇ ಹೆಡ್ಮಾಸ್ಟರ್ ನನ್ನನ್ನು ನಿಲ್ಲಿಸುತ್ತಿದ್ದದ್ದು ಅಲ್ಲೇ. "ಮೊದಲು ನಿಮ್ಮ ಮನೆ ಹುಲ್ಲು ಹೇಗೆ ಕತ್ತರಿಸಿದ್ದೀಯ ನೋಡ್ತೀನಿ, ಆಮೇಲೆ ಮಾತು" ಅಂದಿದ್ದಾರೆ. ನಮ್ಮ ಹುಲ್ಲು ಈಗ ಕ್ಷೌರದ ನಡುವೆ ಕರೆಂಟು ಹೋದ ತಲೆಯಂತಿದೆ.

ಆದ್ದರಿಂದ ತಮ್ಮಲ್ಲಿ ಸವಿನಯ ವಿನಂತಿ. ಅವರು ಬರುವ ಹೊತ್ತಿಗೆ ತಾವೆಲ್ಲ ನೆಲದಡಿ ಒಂದು ಸಭೆ ಸೇರಬೇಕು. ಮಹಾರಾಣಿಯವರು ಭಾಷಣ ಮಾಡಲಿ, ಉದ್ದವಾಗಿಯೇ ಮಾಡಲಿ. ಸಭೆ ಮುಗಿದ ಮೇಲೆ ಎಲ್ಲರೂ ಸೇರಿ ಒಳಗಿನಿಂದ ಚಕ್ರವನ್ನು ಒಂದು ಸಲ ಮೇಲಕ್ಕೆ ನೂಕಿದರೆ ಉಪಕಾರವಾದೀತು. ಕುಟುಕದೆ ಇರಲಾಗುವುದೇ ಇಲ್ಲ ಎಂದಾದರೆ ನನ್ನ ಎಡಗೈಗೆ ಕುಟುಕಿ, ಬಲಗೈ ಕೆಲಸಕ್ಕೆ ಬೇಕು. ಹೆಡ್ಮಾಸ್ಟರ್ ಅವರ ತಲೆ ಬೋಳಾಗಿದೆ, ಹೊಳೆಯುತ್ತದೆ, ಕೂರಲು ಆಸೆಯಾಗುತ್ತದೆ, ಒಪ್ಪುತ್ತೇನೆ. ಆದರೆ ಅವರು ಹೂಂ ಅನ್ನುವ ತನಕ ದಯವಿಟ್ಟು ತಡೆಯಿರಿ.

ಇಲ್ಲಿಗೆ ಬರೆಯುವುದನ್ನು ನಿಲ್ಲಿಸಬೇಕಾಯಿತು. ಹೆಡ್ಮಾಸ್ಟರ್ ಬಂದರು, ನೋಡಿದರು, ಗೇಟಿನ ಆಚೆಗೆ ಹೋದರು. ಸಿಟ್ಟು ನೆತ್ತಿಗೇರಿದೆ. ಆದರೂ ಬರೆಯುತ್ತೇನೆ.

ಅವರು ಇದೇ ಅಡುಗೆಮನೆಯ ಕಿಟಕಿಯಲ್ಲಿ ನಿಂತರು. ನಾನು ಕತ್ತರಿಸಿದ ಬಲಗಡೆಯನ್ನು ನೋಡಲೇ ಇಲ್ಲ. ದಾರ ಹಿಡಿದಂತೆ ನೇರ ಸಾಲು ಬಿಡಿಸಿದ್ದೆ ಸ್ವಾಮಿ! ಅವರ ಕಣ್ಣೆಲ್ಲ ತಮ್ಮ ಕಡೆಗೇ. ತಾವೂ ಬಿಡಿ, ಸಭೆಯೂ ಇಲ್ಲ ಗಿಭೆಯೂ ಇಲ್ಲ, ಜಾತ್ರೆಯ ಹಾಗೆ ಹೊರಗೆ. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ, "ಅವು ಇದಾವೆ ಅಂತ ಅಷ್ಟು ಜಾಗ ಬಿಟ್ಟಿದಾನೆ ಸಾರ್ ನಮ್ಮ ಹುಡುಗ" ಅಂದುಬಿಟ್ಟರು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಹೆಡ್ಮಾಸ್ಟರ್ ನನ್ನ ಬೆನ್ನು ತಟ್ಟಿದರು. "ಅಡ್ಡಕ್ಕೆ ಮಷೀನು ಬೇರೆ ನಿಲ್ಲಿಸಿದ್ದೀಯ, ಯಾರೂ ತುಳಿಯದ ಹಾಗೆ! ಹೋದ ಸಲದವನು ಉದ್ದ ಜಿಗಿತದ ಹೊಂಡದ ಹತ್ತಿರ ಇದ್ದ ಹುಳಗಳಿಗೆ ಔಷಧಿ ಹೊಡೆದು, ಮಕ್ಕಳೆಲ್ಲ ವಾರಗಟ್ಟಲೆ ಕೆಮ್ಮಿದ್ರು ಕಣಯ್ಯ. ನಿನಗೆ ಇಷ್ಟು ತಾಳ್ಮೆ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಈಗಲೇ ಬಾ. ಮಷೀನು ತಗೊಂಡು ಬಾ, ಶಾಲೆಯಲ್ಲಿ ಇಲ್ಲ."

ತಾಳ್ಮೆ! ನನಗೆ! ನಾನು ಕಲಿತ ಕೆಲಸ ನೋಡಿ ಕೆಲಸ ಕೊಡಲಿಲ್ಲ. ತಮಗೆ ಹೆದರಿ ನಾನು ಅರ್ಧಕ್ಕೆ ಬಿಟ್ಟು ಓಡಿದ್ದನ್ನು ನೋಡಿ ಕೊಟ್ಟರು. ಅಂದರೆ ತಮ್ಮ ಶಿಫಾರಸ್ಸಿನ ಮೇಲೆ. ಇಂಥ ಅವಮಾನ ನನ್ನ ಶತ್ರುವಿಗೂ ಬೇಡ, ಅಂದರೆ ತಮಗೂ ಬೇಡ. ಧನ್ಯವಾದಗಳು. ಬರೆದೆ ನೋಡಿ, ಹಲ್ಲು ಕಚ್ಚಿಕೊಂಡು ಬರೆದೆ. ಈಗ ಕೆಲಸ ಸಿಕ್ಕಿದೆ, ಕೆಲಸಕ್ಕೆ ಬೇಕಾದ ಮಷೀನು ತಮ್ಮ ಬಾಗಿಲಲ್ಲಿದೆ, ಹೆಡ್ಮಾಸ್ಟರ್ ಗೇಟಿನ ಆಚೆ ಕಾಯುತ್ತಿದ್ದಾರೆ.

ಹಾಗಾಗಿ ನಾನೇ ಬರುತ್ತಿದ್ದೇನೆ. ಅಕ್ಕನ ಹೆಲ್ಮೆಟ್ಟು, ಅಜ್ಜಿಯ ರೈನ್‌ಕೋಟು, ಕಾಲಿಗೆ ಎರಡೆರಡು ಜೊತೆ ಕಾಲುಚೀಲ. ಪಾತ್ರೆ ತೊಳೆಯುವ ಗ್ಲೌಸು ಇನ್ನೂ ಹಾಕಿಲ್ಲ, ಹಾಕಿದರೆ ಪೆನ್ನು ಹಿಡಿಯಲು ಬರುವುದಿಲ್ಲ. ಇಷ್ಟೆಲ್ಲ ಹಾಕಿಕೊಂಡದ್ದು ತಮಗೆ ಹೆದರಿ ಅಲ್ಲ, ಗಾಳಿ ತಣ್ಣಗಿದೆ.

ತಮ್ಮ ವಿಶ್ವಾಸಿ ಅಂತ ಬರೆಯಬೇಕಂತೆ, ಬರೆದಿದ್ದೇನೆ,
ಈ ಮನೆಯ ಮೊದಲಿನ ನಿವಾಸಿ

ವಿ.ಸೂ.: ಪತ್ರ ಅಂಟಿಸುತ್ತಿರುವಾಗಲೇ ಅಜ್ಜಿ ಹಿಂದಿನಿಂದ ಕೂಗುತ್ತಿದ್ದಾರೆ, "ಬಾಗಿಲು ಮೆಲ್ಲಗೆ ಹಾಕ್ಕೊಂಡು ಹೋಗೋ, ನೆಲ ಅದುರಿದ್ರೆ ಅವಕ್ಕೆ ಆಗಲ್ಲ!" ಅಂತ. ಹಿತ್ತಲಿನ ಈ ಬಾಗಿಲನ್ನು ನಾನು ಚಿಕ್ಕವನಿದ್ದಾಗಿನಿಂದ ಒಂದೇ ರೀತಿ ಹಾಕಿಕೊಂಡು ಬಂದಿದ್ದೇನೆ. ನಿನ್ನೆ ಮೊನ್ನೆ ಬಂದವರಿಗಾಗಿ ಅದನ್ನು ಬದಲಾಯಿಸುವುದಿಲ್ಲ. ದಢಾರ್.